ಮಗಳ ಪಾಲಿನ ಲೆಕ್ಕ

2024ರ ಜೂನ್ ತಿಂಗಳು. ಮುಂಬಯಿಯ ಭಾಂಡುಪ್‌ನ ನಮ್ಮ ಮನೆಯಲ್ಲಿ ರಾತ್ರಿ ಊಟ ಮುಗಿಸಿ ಮಗಳ ಯೂನಿಫಾರ್ಮ್ ಸ್ಕರ್ಟ್ ಹಿಡಿದು ಕೂತಿದ್ದೆ. ಮಾರನೇ ದಿನ ಅವಳಿಗೆ ಏಳನೇ ಕ್ಲಾಸ್ ಶುರು. ಸ್ಕರ್ಟ್ ಗಿಡ್ಡ ಆಗಿತ್ತು. ಅಂಚಿನ ಮಡಿಕೆ ಬಿಚ್ಚಿ ಉದ್ದ ಮಾಡೋಣ ಅಂತ ಕತ್ತರಿ ತೆಗೆದೆ. ನೋಡಿದರೆ ಆಗಲೇ ಎರಡು ಸಲ ಬಿಚ್ಚಿದ ಗೆರೆಗಳಿವೆ. ಒಂದೊಂದು ವರ್ಷಕ್ಕೆ ಒಂದೊಂದು. ಇನ್ನು ಬಿಚ್ಚಲು ಬಟ್ಟೆಯೇ ಉಳಿದಿರಲಿಲ್ಲ.

2016ರಲ್ಲಿ, ಮಗಳಿಗೆ ನಾಲ್ಕು ವರ್ಷ ಇದ್ದಾಗ, ಕೋರ್ಟು ಅವಳ ಖರ್ಚಿಗೆ ಅಂತ ತಿಂಗಳಿಗೆ 5,000 ರೂಪಾಯಿ ಗೊತ್ತು ಮಾಡಿತ್ತು. ಈಗ ಅವಳಿಗೆ ಹನ್ನೆರಡು. ಆ ಐದು ಸಾವಿರ ಹಾಗೇ ಇದೆ. ನಾನು ಒಂದು ಚಿಕ್ಕ ಕಂಪನಿಯಲ್ಲಿ ಅಕೌಂಟ್ಸ್ ನೋಡುವವಳು. ಐವತ್ತು ಜನರ ಸಂಬಳದ ಪಟ್ಟಿ ಪ್ರತಿ ತಿಂಗಳು ನನ್ನ ಕೈಯಲ್ಲೇ ತಯಾರಾಗುತ್ತದೆ. ವರ್ಷ ವರ್ಷ ಯಾರಿಗೆ ಎಷ್ಟು ಏರಿತು ಅಂತ ನನಗೆ ಬಾಯಿಪಾಠ. ನನ್ನ ಮಗಳ ಪಾಲು ಮಾತ್ರ ಎಂಟು ವರ್ಷದಿಂದ ಒಂದು ರೂಪಾಯಿ ಏರಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಯಾಕೆ ಕೇಳಲಿಲ್ಲ ಅಂದರೆ, ಕೇಳುವುದು ಅಂದರೆ ಬೇಡುವುದು ಅನ್ನಿಸುತ್ತಿತ್ತು. ಇಲ್ಲಿನ ಕೋರ್ಟಿನಲ್ಲಿ ಎಲ್ಲರೂ ಜೀವನಾಂಶಕ್ಕೆ ಪೋಟಗಿ ಅನ್ನುತ್ತಾರೆ. ಮರಾಠಿಯಲ್ಲಿ ಪೋಟ್ ಅಂದರೆ ಹೊಟ್ಟೆ. ಆ ಮಾತು ಕೇಳಿದರೇ ನನಗೆ ಕುಗ್ಗಿ ಹೋದ ಹಾಗೆ ಆಗುತ್ತಿತ್ತು. ನಾನು ದುಡಿಯುತ್ತೇನೆ, ಕೈಗೆ 28,000 ಬರುತ್ತದೆ, ನನ್ನ ಹೊಟ್ಟೆಗೆ ಯಾರೂ ಕೊಡಬೇಕಾಗಿಲ್ಲ ಅಂತ ಒಂದು ಹಟ. ಆ ಹಟದ ಬೆಲೆಯನ್ನು ಮಗಳು ತೆರುತ್ತಿದ್ದಾಳೆ ಅನ್ನುವುದು ಅವತ್ತಿನವರೆಗೆ ನನ್ನ ತಲೆಗೆ ಹೋಗಿರಲಿಲ್ಲ.

ಮೊದಲು ಅವಳ ಅಪ್ಪನಿಗೆ ವಾಟ್ಸಾಪ್‌ನಲ್ಲಿ ಬರೆದೆ. ಶಾಲೆಯ ಫೀಸು, ಟ್ಯೂಷನ್ ಕ್ಲಾಸಿನ ಫೀಸು, ಎಲ್ಲ ಹಾಕಿ. ಎರಡು ದಿನ ಬಿಟ್ಟು ಒಂದು ಸಾಲು ಬಂತು. 'ಆರ್ಡರ್‌ನಲ್ಲಿ ಇದ್ದಷ್ಟು ಕೊಡ್ತಾ ಇದ್ದೇನೆ.'

ಅಮ್ಮನಿಗೆ ಇದು ಬೇಡವಾಗಿತ್ತು. 'ಪುನಃ ಕೋರ್ಟು ಕಚೇರಿ ಯಾಕೆ ಮಗಾ? ಅಷ್ಟಾದರೂ ಕೊಡ್ತಾ ಇದ್ದಾನೆ. ಅದೂ ನಿಂತರೆ?' ಅಂದಳು. ಅಣ್ಣ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, 'ನೀನು ಹೋಗಿ ಒಮ್ಮೆ ವಿಚಾರಿಸು. ಕೇಳಿದರೆ ಏನೂ ಹೋಗುವುದಿಲ್ಲ' ಅಂದ. ಆ ಒಂದು ಮಾತು ಸಾಕಾಯಿತು ನನಗೆ.

ಮುಂಬಯಿಯ ಫ್ಯಾಮಿಲಿ ಕೋರ್ಟು ಇರುವುದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ. ನಾನು ಸ್ಲೋ ಟ್ರೇನ್ ಹಿಡಿದು ಕುರ್ಲಾದಲ್ಲಿ ಇಳಿದು, ಪಶ್ಚಿಮಕ್ಕೆ ಬಂದು, ಶೇರ್ ರಿಕ್ಷಾ ಹತ್ತಿ ಹೋಗುತ್ತಿದ್ದೆ. ಸುತ್ತಲೂ ಗಾಜಿನ ದೊಡ್ಡ ದೊಡ್ಡ ಆಫೀಸು. ಅವುಗಳ ನಡುವೆ ಫೈಲು ಅಪ್ಪಿಕೊಂಡು ನಡೆಯುವ ಹೆಂಗಸರನ್ನು ನೋಡಿದರೆ ಗೊತ್ತಾಗುತ್ತದೆ, ಇವರೂ ಅಲ್ಲಿಗೇ ಅಂತ. ಎಂಟು ವರ್ಷದ ಹಿಂದೆ ಅದೇ ದಾರಿಯಲ್ಲಿ ಮಗಳನ್ನು ಸೊಂಟದಲ್ಲಿ ಎತ್ತಿಕೊಂಡು ನಡೆದಿದ್ದೆ.

ಅಲ್ಲಿ ಕಾನೂನು ನೆರವಿನ ವಿಚಾರ ಕೇಳಿದೆ. ಇದನ್ನು ಎಷ್ಟೋ ಹೆಂಗಸರು ತಿಳಿದಿರುವುದಿಲ್ಲ, ಅದಕ್ಕೇ ಬಿಡಿಸಿ ಬರೆಯುತ್ತೇನೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಉಚಿತವಾಗಿ ವಕೀಲರನ್ನು ಕೊಡಬೇಕು. ಸಂಬಳ ಎಷ್ಟು ಅಂತ ನೋಡುವುದಿಲ್ಲ. ಬಡವರಿಗೆ ಮಾತ್ರ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಆಧಾರ್ ಕಾರ್ಡು, ಹಳೇ ಆದೇಶದ ನಕಲು, ಒಂದು ಅರ್ಜಿ. ಅಷ್ಟೇ. ಕೆಲವು ದಿನಕ್ಕೆ ಒಬ್ಬ ವಕೀಲ ಮೇಡಂ ಸಿಕ್ಕರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ನನ್ನ ಮರಾಠಿ ಬಜಾರಿನ ಮರಾಠಿ. ಆದರೂ ಮೊದಲ ದಿನವೇ ಅವರು ಹೇಳಿದ ಒಂದು ಮಾತು ಸರಿಯಾಗಿ ಅರ್ಥ ಆಯಿತು. 'ಇದು ನಿಮ್ಮ ಕೇಸಲ್ಲ ತಾಯಿ. ಅರ್ಜಿದಾರಳು ನಿಮ್ಮ ಮಗಳು. ನೀವು ಅವಳ ಪರವಾಗಿ ಸಹಿ ಮಾಡುವವರು.'

ಅರ್ಜಿಯ ಮೊದಲ ಪುಟ ಟೈಪ್ ಆಗಿ ಬಂದಾಗ ನೋಡಿದೆ. ಮೇಲೆ ಮಗಳ ಹೆಸರು. ಕೆಳಗೆ, ಅಪ್ರಾಪ್ತಳಾದ್ದರಿಂದ ತಾಯಿಯ ಮೂಲಕ ಅಂತ ನನ್ನ ಹೆಸರು. ಬೇಡುವ ನಾಚಿಕೆ ಅನ್ನುವುದು ಅಲ್ಲಿಗೆ ಹೋಯಿತು ನನಗೆ. ಇನ್ನೊಬ್ಬರ ಹಣವನ್ನು ಅವರಿಗೆ ತಲುಪಿಸುವುದು ನನ್ನ ದಿನದ ಕೆಲಸವೇ ಅಲ್ವಾ?

ಕಾನೂನಿನ ಮಾತು ಸ್ವಲ್ಪ ಹೇಳಬೇಕು. ನಮ್ಮ ಹಳೇ ಆದೇಶ ಸಿಆರ್‌ಪಿಸಿ, ಅಂದರೆ ಹಳೇ ದಂಡ ಪ್ರಕ್ರಿಯಾ ಸಂಹಿತೆಯ, ಜೀವನಾಂಶದ 125ನೇ ಕಲಂ ಕೆಳಗೆ ಆಗಿತ್ತು. ಆದೇಶವನ್ನು ಬದಲಿಸಲು ಅದರಲ್ಲಿ 127ನೇ ಕಲಂ ಇತ್ತು. 2024ರ ಜುಲೈ 1ರಿಂದ ಹೊಸ ಕಾನೂನು ಬಂತು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅದರಲ್ಲಿ 125 ಈಗ 144, 127 ಈಗ 146. ನಮ್ಮ ಅರ್ಜಿ ಸಲ್ಲಿಸಿದ್ದು ಜುಲೈ 26ಕ್ಕೆ. ಮೊದಲು ಟೈಪ್ ಮಾಡಿದ್ದ ಪುಟದಲ್ಲಿ ಅಭ್ಯಾಸಬಲದಿಂದ 127 ಅಂತಲೇ ಇತ್ತು. ಮೇಡಂ ಅದನ್ನು ತಿದ್ದಿಸಿದರು.

ಕಲಂ ಯಾವುದಾದರೂ ಇರಲಿ, ತೋರಿಸಬೇಕಾದ್ದು ಒಂದೇ. ಪರಿಸ್ಥಿತಿ ಬದಲಾಗಿದೆ ಅಂತ. ಆಗ ಹೇಗಿತ್ತು, ಈಗ ಹೇಗಿದೆ. ಇದು ಎರಡೂ ಕಡೆಗೆ ತಿರುಗುವ ಬಾಗಿಲು. ನಾವು ಏರಿಸಿ ಅಂತ ಕೇಳಬಹುದು, ಅವರು ಇಳಿಸಿ ಅಂತಲೂ ಕೇಳಬಹುದು. ಅಮ್ಮನ ಹೆದರಿಕೆ ಪೂರ್ತಿ ಸುಳ್ಳಾಗಿರಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ದಿನ ತಿಂದದ್ದು ಅಫಿಡವಿಟ್. 2016ರಲ್ಲಿ ಇಂಥದ್ದೇನೂ ಇರಲಿಲ್ಲ. ಅವರು ಬಾಯಿಗೆ ಬಂದ ಸಂಬಳ ಹೇಳಿದ್ದರು, ನಾವು ಬಾಯಿಗೆ ಬಂದ ಖರ್ಚು ಹೇಳಿದ್ದೆವು. 2020ರ ನವೆಂಬರ್ 4ಕ್ಕೆ ಸುಪ್ರೀಂ ಕೋರ್ಟ್ ರಜನೀಶ್ ಮತ್ತು ನೇಹಾ ನಡುವಿನ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಅಂದಿನಿಂದ ಜೀವನಾಂಶದ ಕೇಸಿನಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚು ಎಲ್ಲವನ್ನೂ ಪ್ರಮಾಣ ಮಾಡಿ ಬರೆದುಕೊಡಬೇಕು. ನಮೂನೆಯನ್ನೂ ಆ ತೀರ್ಪಿನ ಜೊತೆಗೇ ಕೊಟ್ಟಿದ್ದಾರೆ. ಬ್ಯಾಂಕ್ ಖಾತೆ, ಎಫ್‌ಡಿ, ವಿಮೆ, ಚಿನ್ನ, ಬಾಡಿಗೆ, ಎಲ್ಲಕ್ಕೂ ಕಾಲಂ ಇದೆ.

ಮೇಡಂ ನಮೂನೆ ಕೊಟ್ಟು, 'ಮಗಳ ತಿಂಗಳ ಖರ್ಚು ಬರೆದು ತನ್ನಿ' ಅಂದರು. ಒಂದು ಗಂಟೆಯ ಕೆಲಸ ಅಂದುಕೊಂಡೆ. ಹದಿನೈದು ದಿನ ಹಿಡಿಯಿತು. ಫೀಸಿನ ರಸೀದಿ ಇತ್ತು. ಕ್ಲಾಸಿನವರು ರಸೀದಿ ಕೊಡುತ್ತಿರಲಿಲ್ಲ, ಕೇಳಿ ಬರೆಸಿಕೊಂಡೆ. ಡಾಕ್ಟರರ ಚೀಟಿ ಅರ್ಧ ಕಳೆದಿತ್ತು. ಹಾಲು, ತರಕಾರಿ, ಮೀನು, ಇದರಲ್ಲಿ ಅವಳ ಪಾಲು ಎಷ್ಟು? ಯಾವ ತಾಯಿ ಹಾಗೆ ಅಳೆದು ಬಡಿಸುತ್ತಾಳೆ? ಆದರೂ ಅಳೆಯಬೇಕಾಯಿತು. ಅಮ್ಮ ಪಕ್ಕದಲ್ಲಿ ಕೂತು ಒಂದೊಂದೇ ನೆನಪು ಮಾಡಿಕೊಟ್ಟಳು. ಬೇಡ ಅಂದವಳೇ ಈಗ, 'ಶೂ ಬರೆದೆಯಾ? ಛತ್ರಿ?' ಅಂತ ಕೇಳುತ್ತಿದ್ದಳು.

ಕೊನೆಗೆ ಆದ ಲೆಕ್ಕ ಹೀಗಿತ್ತು. ವರ್ಷದ ಫೀಸು 54,000, ತಿಂಗಳಿಗೆ ಹಂಚಿದರೆ 4,500. ಕ್ಲಾಸ್ 2,000. ಶಾಲೆಯ ವ್ಯಾನು 1,200. ಪುಸ್ತಕ, ಯೂನಿಫಾರ್ಮ್, ಶೂ ಎಲ್ಲ ಸೇರಿ ತಿಂಗಳಿಗೆ 800. ಊಟ ತಿಂಡಿ ಹಾಲು 4,500. ಮನೆ ಬಾಡಿಗೆ 18,000, ಮನೆಯಲ್ಲಿ ಮೂವರು, ಅವಳ ಪಾಲು 6,000. ಕರೆಂಟು, ಗ್ಯಾಸು, ಫೋನಿನಲ್ಲಿ 900. ಡಾಕ್ಟರು, ಕನ್ನಡಕ, ಹಲ್ಲು, ಎಲ್ಲ ಸರಾಸರಿ 1,000. ಮನೆಯ ಬಟ್ಟೆ 700. ಪ್ಯಾಡು, ಸೋಪು, ಎಣ್ಣೆ 400. ಕೂಡಿದರೆ 22,000.

ಆ ಅಂಕಿಯನ್ನು ನೋಡುತ್ತಾ ತುಂಬಾ ಹೊತ್ತು ಕೂತೆ. ಐದು ಸಾವಿರ ಕಳೆದರೆ ಹದಿನೇಳು ಸಾವಿರ. ನನ್ನ ಸಂಬಳದಲ್ಲಿ ಉಳಿಯುವುದು ಹನ್ನೊಂದು. ಅದರಲ್ಲಿ ಬಾಡಿಗೆಯ ಉಳಿದ ಹನ್ನೆರಡು ಸಾವಿರ, ಅಮ್ಮನ ಬಿಪಿ ಮಾತ್ರೆ. ಅಣ್ಣ ತಿಂಗಳು ತಿಂಗಳು ಕಳಿಸುತ್ತಿದ್ದ ಹಣ ಎಲ್ಲಿಗೆ ಹೋಗುತ್ತಿತ್ತು ಅಂತ ಅವತ್ತು ಕಾಗದದ ಮೇಲೆ ಕಂಡಿತು. ಮಗಳ ಅಪ್ಪ ಕೊಡಬೇಕಾದ್ದನ್ನು ಮಗಳ ಮಾವ ಕೊಡುತ್ತಿದ್ದ.

ಎಲ್ಲ 22,000ವನ್ನೂ ನಾವು ಕೇಳಲಿಲ್ಲ. ನಾನೂ ದುಡಿಯುವುದರಿಂದ ನನ್ನ ಪಾಲೂ ಇದೆ. ಅದೇ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಇದರ ಮಾತೂ ಇದೆ. ಮಕ್ಕಳ ಓದಿನ ಖರ್ಚು ಸಾಮಾನ್ಯವಾಗಿ ಅಪ್ಪನದು. ತಾಯಿ ಸಾಕಷ್ಟು ದುಡಿಯುತ್ತಿದ್ದರೆ ಇಬ್ಬರ ಆದಾಯದ ಪ್ರಮಾಣದಲ್ಲಿ ಹಂಚಬಹುದು. ಕ್ಲಾಸಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು, ಆದರೆ ಅದು ಅತಿಯಾಗಿರಬಾರದು. ನಾವು 18,000 ಕೇಳಿದೆವು. ಕೇಸು ಮುಗಿಯುವ ತನಕ ಮಧ್ಯಂತರವಾಗಿ ಏನಾದರೂ ಏರಿಸಿ ಅಂತ ಇನ್ನೊಂದು ಅರ್ಜಿಯನ್ನೂ ಜೊತೆಗೆ ಕೊಟ್ಟೆವು.

ಮಗಳಿಗೆ ಹೇಳುವುದೋ ಬೇಡವೋ ಅಂತ ಒದ್ದಾಡಿದೆ. ಮಕ್ಕಳಿಗೆ ಎಲ್ಲ ಗೊತ್ತಾಗುತ್ತದೆ. ಒಂದು ಸಂಜೆ ಅವಳೇ ಕೇಳಿದಳು. 'ಅಮ್ಮ, ಪಪ್ಪನ ಮೇಲೆ ಕೇಸ್ ಹಾಕಿದ್ದೀಯಾ?' ನಾನು ಅರ್ಜಿಯ ಮೊದಲ ಪುಟ ತೋರಿಸಿದೆ. ತನ್ನ ಹೆಸರು ನೋಡಿ ಗಾಬರಿಯಾದಳು. 'ನಾನು ಹಾಕಿದ್ದಾ?' ಅಂದಳು. ನಿನ್ನ ಖರ್ಚನ್ನು ಇಬ್ಬರೂ ಹೊರಬೇಕು, ಎಷ್ಟೆಷ್ಟು ಅಂತ ಜಡ್ಜ್ ಹೇಳುತ್ತಾರೆ, ಪಪ್ಪನಿಗೆ ಶಿಕ್ಷೆ ಕೊಡುವುದಕ್ಕಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು, 'ಹಾಗಾದರೆ ನಾನು ಯಕ್ಷಗಾನದ ಕ್ಲಾಸ್ ಬಿಡ್ತೇನೆ, ಖರ್ಚು ಕಮ್ಮಿ ಆಗ್ತದೆ' ಅಂದಳು. ಭಾನುವಾರದ ಆ ಕ್ಲಾಸಿಗೆ ನಾವು ಕೊಡುತ್ತಿದ್ದದ್ದು ಹೋಗಿ ಬರುವ ಟ್ರೇನ್ ಖರ್ಚು ಮಾತ್ರ. ಇಂಥ ಮಾತು ಹನ್ನೆರಡು ವರ್ಷದವಳ ಬಾಯಲ್ಲಿ ಬರಬಾರದು.

ಫ್ಯಾಮಿಲಿ ಕೋರ್ಟಿನಲ್ಲಿ ವಕೀಲರು ಇರುವುದು ತಾನಾಗಿ ಸಿಗುವ ಹಕ್ಕಲ್ಲ. 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆಯ 13ನೇ ಕಲಂ ಪ್ರಕಾರ ಅನುಮತಿ ಬೇಕು. ಎರಡೂ ಕಡೆಯವರು ಅರ್ಜಿ ಕೊಟ್ಟು ಅನುಮತಿ ಪಡೆದರು. ನೋಟಿಸ್ ಮಗಳ ಅಪ್ಪನ ಕೈಗೆ ಮುಟ್ಟಿದ್ದು ಆಗಸ್ಟ್ ಕೊನೆಗೆ. ಅವರು ಈಗ ಪುಣೆಯಲ್ಲಿದ್ದಾರೆ. ಮತ್ತೆ ಮದುವೆಯಾಗಿ ಒಬ್ಬ ಚಿಕ್ಕ ಮಗ ಇದ್ದಾನೆ. ನಾವು ಪುಣೆಗೆ ಹೋಗಬೇಕಾಗಲಿಲ್ಲ, ನಾವು ಇರುವ ಊರಿನಲ್ಲೇ ಕೇಸು ನಡೆಸಬಹುದು.

ಕೋರ್ಟು ನಮ್ಮನ್ನು ಮೊದಲು ಸಮಾಲೋಚಕರ ಹತ್ತಿರ ಕಳಿಸಿತು. ಕಾಯ್ದೆಯೇ ಹಾಗಿದೆ, ಮೊದಲು ರಾಜಿಗೆ ಪ್ರಯತ್ನ ಮಾಡಬೇಕು. ಚಿಕ್ಕ ಕೋಣೆ, ಮೂರು ಕುರ್ಚಿ. ಎಂಟು ವರ್ಷದ ಮೇಲೆ ಇಬ್ಬರೂ ಅಷ್ಟು ಹತ್ತಿರ ಕೂತದ್ದು. ಅವರ ಕೂದಲು ನೆರೆತಿತ್ತು. ಅವರು ನನ್ನ ಕಡೆ ತಿರುಗಿ ಕನ್ನಡದಲ್ಲಿ, 'ಇಷ್ಟಕ್ಕೆ ಕೋರ್ಟಿಗೆ ಬರಬೇಕಿತ್ತಾ ನೀನು?' ಅಂದರು. ಸಮಾಲೋಚಕಿ ತಕ್ಷಣ, ನನಗೂ ತಿಳಿಯುವ ಭಾಷೆಯಲ್ಲಿ ಮಾತಾಡಿ ಅಂದರು. ಮನೆಮಾತಿನಲ್ಲಿ ಜಗಳ ಬೇಗ ಏರುತ್ತದೆ. ಹಿಂದಿಯಲ್ಲಿ ಇಬ್ಬರೂ ಪದ ಹುಡುಕಬೇಕಾಗುತ್ತದೆ, ಅಷ್ಟರಲ್ಲಿ ಸಿಟ್ಟು ಇಳಿಯುತ್ತದೆ. ಆ ಸಮಾಲೋಚಕಿಯ ಅನುಭವ ದೊಡ್ಡದು.

ಮಗಳ ಅಪ್ಪ ಮೊದಲು 7,000 ಅಂದರು. ಆಮೇಲೆ 8,000ಕ್ಕೆ ಬಂದರು. ಆದರೆ ಒಂದು ಷರತ್ತು. ಮುಂದೆಂದೂ ಜಾಸ್ತಿ ಕೇಳುವುದಿಲ್ಲ ಅಂತ ನಾನು ಬರೆದುಕೊಡಬೇಕು. ನಿಜ ಹೇಳುತ್ತೇನೆ, ನನಗೆ ಆಸೆಯಾಯಿತು. ಆ ದಿನವೇ ಮುಗಿದು ಹೋಗುತ್ತಿತ್ತು. ಹೊರಗೆ ಬಂದು ಮೇಡಂಗೆ ಕೇಳಿದೆ. ಅವರು ತಲೆ ಅಲ್ಲಾಡಿಸಿದರು. 'ಮಗಳ ಹಕ್ಕನ್ನು ಬಿಟ್ಟುಕೊಡಲು ನಿಮಗೆ ಅಧಿಕಾರ ಇಲ್ಲ. ಬರೆದುಕೊಟ್ಟರೂ ಅದು ಅವಳನ್ನು ಕಟ್ಟಿಹಾಕುವುದಿಲ್ಲ. ಸುಮ್ನೆ ನಾಳೆ ಇನ್ನೊಂದು ತಕರಾರು.' ನಾನು ಸಹಿ ಮಾಡಲಿಲ್ಲ.

ಅದೇ ಕೋಣೆಯಲ್ಲಿ ಮಗಳ ಅಪ್ಪ ಇನ್ನೊಂದು ಮಾತು ಹೇಳಿದರು. 'ಮಗಳನ್ನು ನೋಡಲು ಬಿಡುವುದಿಲ್ಲ, ಹಣ ಮಾತ್ರ ಬೇಕು.' ಭೇಟಿ ಬೇರೆ, ಹಣ ಬೇರೆ, ಒಂದಕ್ಕೆ ಇನ್ನೊಂದನ್ನು ಗಂಟು ಹಾಕುವಂತಿಲ್ಲ ಅಂತ ಸಮಾಲೋಚಕಿ ಅವರಿಗೆ ಹೇಳಿದರು. ಅದು ಸರಿ. ಆದರೆ ಅವರ ಮಾತಿನಲ್ಲಿ ಸತ್ಯವೂ ಇತ್ತು. ಹಿಂದಿನ ಎರಡು ವರ್ಷದಲ್ಲಿ ಅವರು ಬರುತ್ತೇನೆ ಅಂದಾಗ ನಾನು ಪರೀಕ್ಷೆ, ಜ್ವರ, ಮದುವೆ ಅಂತ ನಾಲ್ಕೈದು ಸಲ ತಪ್ಪಿಸಿದ್ದೆ. ಅವತ್ತು ಒಪ್ಪಿಕೊಂಡೆ. ಅಲ್ಲಿಂದ ತಿಂಗಳ ಎರಡನೇ ಭಾನುವಾರ ಅವರು ಬಂದು ಮಗಳನ್ನು ಕರೆದುಕೊಂಡು ಹೋಗುತ್ತಾರೆ. ಈ ಕೇಸಿನಿಂದ ಮಗಳಿಗೆ ಸಿಕ್ಕ ಮೊದಲ ಲಾಭ ಅದೇ, ಹಣಕ್ಕಿಂತ ಮೊದಲು.

ಆಮೇಲೆ ತಾರೀಖು, ತಾರೀಖು, ತಾರೀಖು. ಅವರ ಕಡೆಯಿಂದ ಜವಾಬು ಬರಬೇಕು. ಇಲ್ಲಿ ಅದಕ್ಕೆ 'ಸೇ' ಅನ್ನುತ್ತಾರೆ. ಸೇ ಬಂತು, ಅಫಿಡವಿಟ್ ಬರಲಿಲ್ಲ. ನಾಲ್ಕು ವಾರದೊಳಗೆ ಕೊಡಬೇಕು ಅಂತ ಆ ತೀರ್ಪಿನಲ್ಲೇ ಇದೆ. ಅವರ ವಕೀಲರು ಒಮ್ಮೆ ಸಮಯ ಕೇಳಿದರು, ಇನ್ನೊಮ್ಮೆ ಕೇಳಿದರು. ಬೇಕಂತಲೇ ಮುಂದೂಡುತ್ತಾ ಹೋದರೆ ಪ್ರತಿವಾದವನ್ನೇ ತೆಗೆದುಹಾಕಬಹುದು ಅಂತ ಮೇಡಂ ನೆನಪು ಮಾಡಿದ ಮೇಲೆ ಕೊಟ್ಟರು. ಪ್ರತಿ ತಾರೀಖಿಗೂ ನನಗೆ ಅರ್ಧ ದಿನದ ರಜೆ. ಮೊಬೈಲಿನಲ್ಲಿ ಇ-ಕೋರ್ಟ್ಸ್ ಆ್ಯಪ್ ಹಾಕಿಕೊಂಡೆ. ಅಕ್ಷರ, ಅಂಕಿ ಸೇರಿ 16 ಇರುವ ಸಿಎನ್‌ಆರ್ ನಂಬರ್, ಅಂದರೆ ಕೇಸಿನ ಗುರುತಿನ ನಂಬರ್, ಒತ್ತಿದರೆ ಮುಂದಿನ ತಾರೀಖು ಗೊತ್ತಾಗುತ್ತದೆ.

ಅವರ ಅಫಿಡವಿಟ್‌ನಲ್ಲಿ ಕೈಗೆ ಬರುವ ಸಂಬಳ 54,700 ಅಂತ ಇತ್ತು. ಜೊತೆಗೆ ಒಂದೇ ಒಂದು ತಿಂಗಳ ಸ್ಯಾಲರಿ ಸ್ಲಿಪ್, ಅಕ್ಟೋಬರಿನದು. ಮೇಡಂ ಅದನ್ನು ನನ್ನ ಕೈಗೆ ಕೊಟ್ಟು, 'ನಿಮ್ಮ ಕೆಲಸವೇ ಇದಲ್ವಾ, ನೋಡಿ' ಅಂದರು.

ಕುರ್ಲಾ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ನೋಡಿದೆ. ಒಟ್ಟು ಸಂಬಳ 92,000. ಪಿಎಫ್ 5,400. ಪ್ರೊಫೆಷನ್ ಟ್ಯಾಕ್ಸ್ 200, ಮಹಾರಾಷ್ಟ್ರದಲ್ಲಿ ಇಷ್ಟು ಸಂಬಳದವರಿಗೆ ಕಡಿಯುವ ಹಾಗೆ. ಆದಾಯ ತೆರಿಗೆ 4,700. ಇಲ್ಲಿಯವರೆಗೆ ಸರಿ. ಅದರ ಕೆಳಗೆ ವಿಪಿಎಫ್ 12,000. ನೌಕರರ ಸೊಸೈಟಿಯಿಂದ ತೆಗೆದ ಸಾಲದ ಕಂತು 15,000.

ವಿಪಿಎಫ್ ಅಂದರೆ ನೌಕರ ತಾನಾಗಿ ಜಾಸ್ತಿ ಕಡಿಸಿಕೊಳ್ಳುವ ಪಿಎಫ್. ಕಾನೂನು ಕಡ್ಡಾಯ ಮಾಡಿದ್ದಲ್ಲ. ಅದು ಖರ್ಚೂ ಅಲ್ಲ, ಅವರದೇ ಉಳಿತಾಯ. ಯಾವ ತಿಂಗಳಿನಿಂದ ಶುರುವಾಯಿತು ಅಂತ ತಿಳಿಯಬೇಕಿತ್ತು. ಹಿಂದಿನ ಒಂದು ವರ್ಷದ ಸ್ಲಿಪ್‌ಗಳನ್ನು ಹಾಜರುಪಡಿಸಲು ಹೇಳಿ ಅಂತ ಮೇಡಂ ಅರ್ಜಿ ಕೊಟ್ಟರು. ಬಂದವು. ಆಗಸ್ಟಿನ ಸ್ಲಿಪ್‌ನಲ್ಲಿ ವಿಪಿಎಫ್ ಸೊನ್ನೆ. ಸೆಪ್ಟೆಂಬರಿನಲ್ಲಿ 12,000. ನೋಟಿಸ್ ಮುಟ್ಟಿದ್ದು ಆಗಸ್ಟ್ ಕೊನೆಗೆ. ಸೊಸೈಟಿ ಸಾಲ ತೆಗೆದದ್ದೂ ಅದೇ ಸೆಪ್ಟೆಂಬರಿನಲ್ಲಿ.

ನನಗೆ ಖುಷಿಯಾಗಲಿಲ್ಲ. ಬೇಜಾರಾಯಿತು. ಮಗಳಿಗೆ ಕೊಡಬಾರದು ಅಂತ ಕೂತು ಲೆಕ್ಕ ಹಾಕಿದ್ದಾರಲ್ಲ ಅಂತ. ಕಡ್ಡಾಯದ ಕಡಿತ ಮಾತ್ರ ತೆಗೆದರೆ ಅವರ ಕೈಗೆ ಬರಬೇಕಾದ್ದು 81,700.

2025ರ ಫೆಬ್ರವರಿಯಲ್ಲಿ ಮಧ್ಯಂತರ ಆದೇಶ ಆಯಿತು. ಮಾರ್ಚಿನಿಂದ ತಿಂಗಳಿಗೆ 8,000. ಸಮಾಲೋಚಕರ ಕೋಣೆಯಲ್ಲಿ ಷರತ್ತಿನ ಮೇಲೆ ಕೊಡುತ್ತೇನೆ ಅಂದಿದ್ದಷ್ಟೇ ಹಣ, ಈಗ ಯಾವ ಷರತ್ತೂ ಇಲ್ಲದೆ ಬಂತು.

ಪಾಟಿ ಸವಾಲಿನ ಹಿಂದಿನ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮಳೆಗಾಲ ಮತ್ತೆ ಬಂದಿತ್ತು. ಒದ್ದೆ ಸೀರೆಯಲ್ಲೇ ಕಟಕಟೆಯಲ್ಲಿ ನಿಂತೆ. ಅವರ ವಕೀಲರು ಮೊದಲು ನನ್ನ ಫೋನಿನ ಬೆಲೆ ಕೇಳಿದರು. ಆಮೇಲೆ ಬಾಡಿಗೆಗೆ ಬಂದರು. ಮಗಳು ಇರಲಿ ಇಲ್ಲದಿರಲಿ ನೀವು ಮನೆ ಮಾಡಲೇಬೇಕಿತ್ತಲ್ಲ, ಅವಳ ಪಾಲು ಆರು ಸಾವಿರ ಹೇಗಾಗುತ್ತದೆ ಅಂತ. ಆ ಪ್ರಶ್ನೆ ನ್ಯಾಯವಾದದ್ದೇ. ನಾನು ಮತ್ತು ಅಮ್ಮ ಇಬ್ಬರೇ ಆಗಿದ್ದರೆ ಇನ್ನೂ ಚಿಕ್ಕ ಮನೆ ಸಾಕಿತ್ತು, ಶಾಲೆಗೆ ಹತ್ತಿರ ಅಂತ ಇಲ್ಲಿಗೆ ಬಂದೆವು ಅಂದೆ.

ಕೊನೆಗೆ ಯಕ್ಷಗಾನ. ಅಫಿಡವಿಟ್‌ನಲ್ಲಿ ಅದಕ್ಕೆ ಒಂದು ಪೈಸೆ ಬರೆದಿರಲಿಲ್ಲ, ಆದರೂ ಹೇಗೋ ತಿಳಿದುಕೊಂಡಿದ್ದರು. 'ಮಗಳನ್ನು ನಾಟಕ, ಡಾನ್ಸಿಗೆಲ್ಲ ಕಳಿಸುತ್ತೀರಿ ಅಲ್ವಾ? ಅದು ಅಗತ್ಯದ ಖರ್ಚಾ?' ಜಡ್ಜ್ ತಲೆಯೆತ್ತಿ, ಅದೇನು ಅಂತ ಕೇಳಿದರು. ನನ್ನ ಬಜಾರಿನ ಮರಾಠಿಯಲ್ಲೇ ಹೇಳಿದೆ. 'ನಿಮ್ಮ ಕೊಂಕಣದಲ್ಲಿ ದಶಾವತಾರ ಆಡುತ್ತಾರಲ್ಲ, ಅದರ ಹಾಗೆ ನಮ್ಮೂರಿನದು. ವೇಷ ಕಟ್ಟಿ, ಕುಣಿದು, ಮಾತಾಡುವುದು. ಕಲಿಸುವವರು ಹಣ ತೆಗೆದುಕೊಳ್ಳುವುದಿಲ್ಲ. ಅವಳು ಇಲ್ಲೇ ಹುಟ್ಟಿದವಳು, ಇಂಗ್ಲಿಷ್ ಶಾಲೆಗೆ ಹೋಗುವವಳು. ಅವಳು ಕನ್ನಡದಲ್ಲಿ ಉದ್ದಕ್ಕೆ ಮಾತಾಡುವುದು ಅಲ್ಲಿ ಮಾತ್ರ.' ಜಡ್ಜ್ ಸರಿ ಅಂತ ತಲೆ ಆಡಿಸಿದರು. ಮಗಳ ಅಪ್ಪ ಮೊದಲ ಸಾಲಿನಲ್ಲಿ ಕೂತಿದ್ದರು. ಅವರು ನೆಲ ನೋಡುತ್ತಿದ್ದರು. ಚಿಕ್ಕಂದಿನಲ್ಲಿ ಅವರೂ ಬಾಲಗೋಪಾಲನ ವೇಷ ಹಾಕಿದವರೇ.

ಅವರ ಪಾಟಿ ಸವಾಲಿನಲ್ಲಿ ಮೇಡಂ ಎರಡು ಸ್ಲಿಪ್ ಪಕ್ಕ ಪಕ್ಕ ಇಟ್ಟು ಒಂದೇ ಪ್ರಶ್ನೆ ಕೇಳಿದರು. ಸೆಪ್ಟೆಂಬರಿನಲ್ಲಿ ಯಾಕೆ? ನಿವೃತ್ತಿಗೆ ಅಂತ ಅಂದರು. ಮೇಡಂ ಮುಂದೆ ಕೆದಕಲಿಲ್ಲ.

ಆದೇಶ ಬಂದದ್ದು 2025ರ ನವೆಂಬರಿನಲ್ಲಿ. ತಿಂಗಳಿಗೆ 14,000. ಬಾಡಿಗೆಯಲ್ಲಿ ಅವಳ ಪಾಲನ್ನು ಸ್ವಲ್ಪ ಇಳಿಸಿದ್ದರು. ಅವರ ಚಿಕ್ಕ ಮಗನ ಹೊರೆಯನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಆ ಮಗುವೂ ಮಗುವೇ, ಅದರ ಪಾಲು ಕಡಿಮೆಯಾಗಲಿ ಅಂತ ನಾನು ಯಾವತ್ತೂ ಬಯಸಿರಲಿಲ್ಲ. ವಿಪಿಎಫ್ ಮತ್ತು ಸೊಸೈಟಿ ಸಾಲವನ್ನು ಮಾತ್ರ ಕಡಿತ ಅಂತ ಒಪ್ಪಲಿಲ್ಲ. ಏರಿಕೆ ಅರ್ಜಿ ಕೊಟ್ಟ ದಿನದಿಂದಲೇ ಅನ್ವಯ ಅಂತ ಆಯಿತು. 2024ರ ಆಗಸ್ಟಿನಿಂದ ಫೆಬ್ರವರಿವರೆಗೆ ಏಳು ತಿಂಗಳು, ತಿಂಗಳಿಗೆ 9,000 ಬಾಕಿ, ಅದು 63,000. ಮಾರ್ಚಿನಿಂದ ನವೆಂಬರ್‌ವರೆಗೆ ಒಂಬತ್ತು ತಿಂಗಳು, ತಿಂಗಳಿಗೆ 6,000, ಅದು 54,000. ಒಟ್ಟು 1,17,000. ಮೂರು ಕಂತಿನಲ್ಲಿ ಕೊಡಬೇಕು.

ಪ್ರತಿ ವರ್ಷ ತಾನಾಗಿ ಇಷ್ಟು ಏರಲಿ ಅಂತಲೂ ಕೇಳಿದ್ದೆವು. ಅದು ಸಿಗಲಿಲ್ಲ. ಪರಿಸ್ಥಿತಿ ಬದಲಾದರೆ ಪುನಃ ಬನ್ನಿ ಅಂತ. ಹೋಗುತ್ತೇನೆ. ಇನ್ನು ಎಂಟು ವರ್ಷ ಕಾಯುವುದಿಲ್ಲ.

ಹೊರಗೆ ಬಂದ ಮೇಲೆ ಮೇಡಂ ಕೆಲವು ಮಾತು ಹೇಳಿದರು. ಕೈಯಲ್ಲಿ ನಗದು ತೆಗೆದುಕೊಳ್ಳಬೇಡಿ, ಬ್ಯಾಂಕಿನ ಮೂಲಕವೇ ಬರಲಿ. ಹಿಂದೆ ಎಷ್ಟೋ ಸಲ ಮಗಳ ಅಪ್ಪನ ತಮ್ಮ ಬಂದು ನಗದು ಕೊಟ್ಟು ಹೋಗುತ್ತಿದ್ದ, ಯಾವ ತಿಂಗಳು ಬಂತು, ಯಾವ ತಿಂಗಳು ಬರಲಿಲ್ಲ ಅಂತ ನನ್ನ ಹತ್ತಿರ ಗುರುತೇ ಇರಲಿಲ್ಲ. ಕೊಡುವುದು ನಿಂತರೆ ಸುಮ್ಮನೆ ಕೂರಬೇಡಿ, ಬಾಕಿ ಆದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಕೊಡಬೇಕು, ಆಗ ವಾರಂಟ್ ಹೊರಡಿಸಬಹುದು. ಈ ಕಲಂ ಕೆಳಗೆ ಹದಿನೆಂಟರವರೆಗೆ ಮಾತ್ರ. ಆದರೆ ಮದುವೆಯಾಗದ ಹಿಂದೂ ಮಗಳಿಗೆ ತನ್ನನ್ನು ತಾನು ನೋಡಿಕೊಳ್ಳಲು ಆಗದಿದ್ದರೆ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಪ್ರಕಾರ ಆಮೇಲೂ ಅಪ್ಪನಿಂದ ಕೇಳುವ ದಾರಿ ಇದೆ. ಕಾಲೇಜಿನ ಹೊತ್ತಿಗೆ ನೆನಪಿರಲಿ ಅಂದರು.

ಅಣ್ಣನಿಗೆ ಫೋನ್ ಮಾಡಿ, ಮುಂದಿನ ತಿಂಗಳಿನಿಂದ ಕಳಿಸಬೇಡ ಅಂದೆ. 'ಇರಲಿ, ಅಮ್ಮನ ಮಾತ್ರೆಗೆ' ಅಂದ.

ಡಿಸೆಂಬರ್ ಮೊದಲ ವಾರ ಬ್ಯಾಂಕಿನಿಂದ ಮೆಸೇಜ್ ಬಂತು. 14,000, ಅದರ ಜೊತೆಗೆ ಬಾಕಿಯ ಮೊದಲ ಕಂತು 39,000. ಒಂದು ಹೊಸ ನೋಟ್‌ಬುಕ್ ತೆಗೆದು ಮೇಲೆ ಮಗಳ ಹೆಸರು ಬರೆದೆ. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಮಗಳು ಪಕ್ಕದಲ್ಲಿ ಬಂದು ಕೂತಳು. ಬೋರ್ಡು ಮಂಜಾಗಿ ಕಾಣುತ್ತದೆ ಅಂತ ಮೂರು ತಿಂಗಳಿಂದ ಹೇಳದೆ ಇಟ್ಟುಕೊಂಡಿದ್ದಳು, ಹಿಂದಿನ ಶನಿವಾರವಷ್ಟೇ ಕರೆದುಕೊಂಡು ಹೋಗಿ ತೋರಿಸಿದ್ದೆ. ಪೆನ್ನು ನನ್ನ ಕೈಯಿಂದ ತೆಗೆದುಕೊಂಡು ಬಲಗಡೆಯ ಮೊದಲ ಸಾಲನ್ನು ಅವಳೇ ಬರೆದಳು. ಕನ್ನಡಕದ ಹೊಸ ಗಾಜು, 1,850.